ಅಪ್ಪನ ಅಳತೆಯ ಕಬ್ಬು

ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಹೊಲ ನೋಡಿ ಬರುವುದು ನನ್ನ ಕೆಲಸ. ಮೊದಲು ಒಂದು ಡೈರಿ, ಒಂದು ಪೆನ್ನು ಇದ್ದರೆ ಸಾಕಿತ್ತು. ಆಮೇಲೆ ನಮ್ಮೆಲ್ಲರ ಮೊಬೈಲಿಗೂ ಒಂದು ಆ್ಯಪ್ ಬಂತು. ಬೆಳಗಾದರೆ ಅದರಲ್ಲಿ ಆ ದಿನದ ಕೆಲಸಗಳ ಪಟ್ಟಿ ಇರುತ್ತದೆ: ಸತ್ತಿಯಲ್ಲಿ ಇಂಥವರ ಹೊಲ, ಅನಂತಪುರದಲ್ಲಿ ಇಂಥವರ ಹೊಲ. ಹೋಗಿ, ಕಬ್ಬು ಎಷ್ಟು ಎತ್ತರ ಬೆಳೆದಿದೆ ಎಂದು ಬರೆದು, ಫೋಟೊ ಲಗತ್ತಿಸಿದರೆ ಮಾತ್ರ ಕೆಲಸ ಮುಗಿದಂತೆ. ಎತ್ತರ ತಿಳಿಯಲು ಕಬ್ಬಿನ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರಬೇಕು ಎಂಬುದು ಮೇಲಿನವರ ಕಟ್ಟಪ್ಪಣೆ.

ಮನುಷ್ಯನನ್ನು ಎಲ್ಲಿಂದ ತರುವುದು? ರೈತ ಹೊಲದಲ್ಲಿ ಸಿಗುವುದಿಲ್ಲ, ಸಿಕ್ಕರೆ ಚಹಾ ಕುಡಿಸದೆ ಬಿಡುವುದಿಲ್ಲ. ಅದಕ್ಕೆ ಅಪ್ಪನನ್ನೇ ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಅಪ್ಪ ಆರು ಅಡಿ ಎತ್ತರ ಎಂಬುದು ನಮ್ಮ ಮನೆಯಲ್ಲಿ ಯಾರೂ ಪ್ರಶ್ನಿಸದ ಮಾತು. ಅವನ ತಲೆಗಿಂತ ಕಬ್ಬು ಒಂದು ಗೇಣು ಮೇಲಿದ್ದರೆ ಆರೂ ಮುಕ್ಕಾಲು ಅಡಿ ಎಂದು ಬರೆದು ಮುಂದಿನ ಹೊಲಕ್ಕೆ ಹೋಗುತ್ತಿದ್ದೆ.

ಅಪ್ಪ ಈ ನೌಕರಿಯನ್ನು ನನಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಂಡ. ಇಸ್ತ್ರಿ ಮಾಡಿದ ಧೋತರ, ಕೆಂಪು ರುಮಾಲು, ಮೊಣಕಾಲಿನವರೆಗೆ ಕೆಸರು.

"ತಮ್ಮಾ, ಮುಖ ಚಂದ ಬಂತೇನ?"

"ಅಪ್ಪಾ, ಮುಖ ಬ್ಯಾಡ. ಕಬ್ಬ ಬರಬೇಕು."

"ಕಬ್ಬ ಎಲ್ಲಾರ ಹೊಲದಾಗೂ ಐತಿ. ನಾ ಒಬ್ಬಾಂವನ ಇದ್ದೀನಿ."

ತೆಗೆದ ಫೋಟೊಗಳು ನನ್ನ ಮೊಬೈಲಿನಲ್ಲೂ ಉಳಿಯುತ್ತಿದ್ದವು, ಅಲ್ಲಿಂದ ತಾವಾಗಿಯೇ ಕ್ಲೌಡಿನ ಫೋಟೊ ಸಂಗ್ರಹಕ್ಕೆ ಏರುತ್ತಿದ್ದವು. ಆ ಸಂಗ್ರಹಕ್ಕೆ ಇದು ಕಾರ್ಖಾನೆಯ ಕೆಲಸ ಎಂದು ಹೇಗೆ ಗೊತ್ತಾಗಬೇಕು? ಅಪ್ಪನ ಮುಖಗಳನ್ನೆಲ್ಲ ಒಂದೆಡೆ ಗುಡ್ಡೆ ಹಾಕಿ "ಇವರು ಯಾರು?" ಎಂದು ಕೇಳಿತು. ಒಂದು ಭಾನುವಾರ ತಾನೇ ಹಾಡು ಕೂಡಿಸಿ "ನಿಮ್ಮ ಮರೆಯಲಾಗದ ಪ್ರವಾಸ" ಎಂದು ವಿಡಿಯೊ ಮಾಡಿ ಕಳಿಸಿತು. ಅದರಲ್ಲಿ ಅಪ್ಪ ಕಬ್ಬಿನ ಮುಂದೆ, ಅಪ್ಪ ಕಬ್ಬಿನ ಮುಂದೆ, ಮತ್ತೆ ಅಪ್ಪ ಕಬ್ಬಿನ ಮುಂದೆ. ಅಪ್ಪ ಅದನ್ನು ನಾಲ್ಕು ಸಲ ನೋಡಿದ.

ಕೊನೆಗೆ ಕ್ಲೌಡಿನಲ್ಲಿ ಜಾಗ ತುಂಬಿತು ಎಂದು ದಿನಕ್ಕೆರಡು ಸಲ ಬೆದರಿಕೆ ಬರತೊಡಗಿತು. ಹೇಗೂ ಫೋಟೊಗಳು ಆ್ಯಪಿನಲ್ಲಿ ಲಗತ್ತಾಗಿವೆ, ಎರಡೆರಡು ಕಡೆ ಯಾಕೆ ಎಂದು ಮುನ್ನೂರಕ್ಕೂ ಮಿಕ್ಕಿದ ಕಬ್ಬಿನ ಫೋಟೊಗಳನ್ನು ಮೊಬೈಲಿನಿಂದಲೂ ಕ್ಲೌಡಿನಿಂದಲೂ ಅಳಿಸಿ ಕೈ ತೊಳೆದುಕೊಂಡೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ಒಂದು ವಾರದಲ್ಲಿ ನಮ್ಮ ಸಾಹೇಬರಿಂದ ಕರೆ ಬಂತು. ಅಪ್ಪನೂ ಜೊತೆಗೇ ಬಂದ. ಸಾಹೇಬರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

"ಸತ್ತಿಯೊಳಗ ಈ ಅಜ್ಜ. ಕಬ್ಬೂರಾಗ ಈ ಅಜ್ಜ. ಅನಂತಪುರದಾಗೂ ಈ ಅಜ್ಜ. ಒಂದ ಹೊಲದಾಗ ನಿಂತು ಎಲ್ಲಾ ಫೋಟೊ ಹೊಡದೀರೇನ್ರಿ?"

ಅಪ್ಪ ಎದ್ದು ನಿಂತ. "ನಾ ಬೋಗಸ್ಸೇನ್ರಿ?"

ನಾನು ಆ್ಯಪ್ ತೆರೆದು ತೋರಿಸಹೋದೆ. ಅದು ಇಟ್ಟುಕೊಂಡಿದ್ದು ಫೋಟೊದ ಚಿಕ್ಕ ನಕಲು ಮಾತ್ರ. ಯಾವ ಜಾಗ, ಎಷ್ಟು ಗಂಟೆ ಎಂಬುದೆಲ್ಲ ಲಗತ್ತಿಸುವಾಗಲೇ ಉದುರಿಹೋಗಿ, ಕಳಿಸಿದ ಜಾಗವಷ್ಟೇ ಉಳಿದಿತ್ತು. ಹೊಲದಲ್ಲಿ ನೆಟ್‌ವರ್ಕ್ ಇಲ್ಲದೆ ಸಂಜೆ ಮನೆಗೆ ಬಂದು ಕಳಿಸುತ್ತಿದ್ದೆನಾದ್ದರಿಂದ, ಆ್ಯಪಿನ ಪ್ರಕಾರ ಅಥಣಿ, ಚಿಕ್ಕೋಡಿ ತಾಲೂಕಿನ ಕಬ್ಬೆಲ್ಲ ನಮ್ಮ ಮನೆಯಲ್ಲೇ ಬೆಳೆದಿತ್ತು. ಜಾಗವನ್ನೂ ಹೊತ್ತನ್ನೂ ಹೇಳಬಲ್ಲ ಮೂಲ ಫೋಟೊಗಳು ಕ್ಲೌಡಿನಲ್ಲಿದ್ದವು, ಅವನ್ನು ನಾನೇ ಅಳಿಸಿದ್ದೆ.

"ಅಳಿಸಿಬಿಟ್ಟೀನ್ರಿ," ಎಂದೆ.

"ಹಂಗಾದ್ರ ನಾಳಿಂದ ಬರಬ್ಯಾಡ್ರಿ."

ನನ್ನದು ಹತ್ತು ವರ್ಷದ ನೌಕರಿ. ಸಾಹೇಬರು ನನ್ನ ಮಾತು ನಂಬದೆ ಮೊಬೈಲನ್ನು ಕಸಿದುಕೊಂಡು ತಾವೇ ಹುಡುಕಿದರು. ಸ್ವಲ್ಪ ಹೊತ್ತಿನ ಮೇಲೆ ಅವರ ಹುಬ್ಬು ಮೇಲೇರಿತು.

"ಅಳಿಸಿದ್ದು ಅರವತ್ತ ದಿನ ಕಸದ ಬುಟ್ಟಿಯೊಳಗ ಇರತೈತಿ ಅಂತ ಬರದಾರಲ್ರೀ. ಓದಂಗಿಲ್ಲೇನ್ರಿ ನೀವು?"

ಓದುವುದಿಲ್ಲ. ಯಾರು ಓದುತ್ತಾರೆ? ಬುಟ್ಟಿಯಿಂದ ಅಪ್ಪ ಒಬ್ಬೊಬ್ಬನಾಗಿ ಎದ್ದು ಬಂದ. ಸತ್ತಿಯ ಅಪ್ಪ ಸತ್ತಿಯಲ್ಲೇ ಇದ್ದ, ಕಬ್ಬೂರಿನ ಅಪ್ಪ ಕಬ್ಬೂರಿನಲ್ಲೇ ಇದ್ದ. ನನ್ನ ನೌಕರಿ ಉಳಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಸಾಹೇಬರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

"ಇವರ ಎತ್ತರ ಎಷ್ಟ ಹಿಡದೀರಿ?"

"ಆರ ಅಡಿ ರೀ."

ಅವರು ಡ್ರಾವರಿನಿಂದ ಟೇಪು ತೆಗೆದರು. ರುಮಾಲು ಬಿಚ್ಚಿಸಿ ಅಪ್ಪನನ್ನು ಗೋಡೆಗೆ ನಿಲ್ಲಿಸಿದರು. ಐದು ಅಡಿ ಐದು ಇಂಚು.

"ಇನ್ನೊಮ್ಮೆ ಹಿಡೀರಿ," ಎಂದ ಅಪ್ಪ. ಮತ್ತೆ ಐದು ಅಡಿ ಐದು ಇಂಚು. "ನಿಮ್ಮ ಟೇಪ ಸರಿ ಇಲ್ರಿ."

ರುಮಾಲಿಲ್ಲದ ಆ ಬಿಳಿ ತಲೆ ನೋಡಿ ನನಗೆ ನಮ್ಮ ಮನೆಯ ಹಿತ್ತಲ ಬಾಗಿಲು ನೆನಪಾಯಿತು. ನಾನು ಚಿಕ್ಕವನಿದ್ದಾಗ ಅಪ್ಪ ಅದರಲ್ಲಿ ತಲೆ ಬಗ್ಗಿಸಿ ಬರುತ್ತಿದ್ದ, ಇಲ್ಲದಿದ್ದರೆ ಹಣೆ ತಾಗುತ್ತಿತ್ತು. ಈಗಲೂ ಬಗ್ಗಿಸಿಯೇ ಬರುತ್ತಾನೆ. ಈಗ ಬಗ್ಗಬೇಕಾಗಿಲ್ಲ ಎಂಬುದನ್ನು ನಾನು ನೋಡಿಯೇ ಇರಲಿಲ್ಲ. ದಿನಾ ಅವನ ಫೋಟೊ ತೆಗೆಯುತ್ತಿದ್ದವನು ನಾನು. ಬಹಳ ನಾಚಿಕೆಯಾಯಿತು.

ಎಲ್ಲ ಲೆಕ್ಕದಲ್ಲೂ ಏಳು ಇಂಚು ಕಡಿಮೆ ಮಾಡಬೇಕೆಂದು ಸಾಹೇಬರ ಆದೇಶವಾಯಿತು. ಎರಡು ದಿನ ಕುಳಿತು, ಕುಡುಗೋಲು ಮುಟ್ಟದೆ ಅಷ್ಟೂ ಹೊಲಗಳ ಕಬ್ಬನ್ನು ಏಳೇಳು ಇಂಚು ಕತ್ತರಿಸಿದೆ. ಕಾರ್ಖಾನೆಯವರು ಇನ್ನು ಮನುಷ್ಯ ಬೇಡ ಎಂದು ಬಣ್ಣ ಬಳಿದ ಒಂದು ಅಳತೆ ಕೋಲು ಕೊಟ್ಟರು.

ಮರುದಿನ ಬೆಳಿಗ್ಗೆ ಅಪ್ಪ ರುಮಾಲು ಸುತ್ತಿಕೊಂಡು ಬೈಕಿನ ಹತ್ತಿರ ನಿಂತಿದ್ದ. ಕೋಲನ್ನು ಅವನ ಕೈಗೇ ಕೊಟ್ಟು ಹೊರಟೆ. ಸತ್ತಿಯ ಹೊಲದಲ್ಲಿ ಅಪ್ಪ ಕೋಲನ್ನು ಕಬ್ಬಿನ ಪಕ್ಕ ಊರಿದ, ಅದರ ಪಕ್ಕ ತಾನು ನಿಂತ. ಕೋಲಿನ ತುದಿ ರುಮಾಲಿಗಿಂತ ನಾಲ್ಕು ಬೆರಳು ಮೇಲಿತ್ತು. ಅಪ್ಪ ಮೇಲೆ ನೋಡಲಿಲ್ಲ.

"ಎಷ್ಟ ಐತೊ ಇದು?"

"ಆರ ಅಡಿ, ಅಪ್ಪಾ."

"ಅಂದ್ರ ನನ್ನಷ್ಟ."

ನಾನು ಬದುವಿನ ಕೆಳಗೆ ಕೆಸರಿನಲ್ಲೇ ಕುಕ್ಕರಿಸಿ ಕುಳಿತು ಮೊಬೈಲನ್ನು ಕೆಳಗಿನಿಂದ ಹಿಡಿದೆ. ಅಲ್ಲಿಂದ ನೋಡಿದರೆ ಅಪ್ಪನ ರುಮಾಲು ಕಬ್ಬಿನ ಗರಿಗಳನ್ನೂ ದಾಟಿತ್ತು.

"ಹೌದಪ್ಪಾ," ಎಂದೆ, "ನಿನ್ನಷ್ಟ ಐತಿ."

ಆ ಫೋಟೊವನ್ನು ಯಾವ ಕೆಲಸಕ್ಕೂ ಲಗತ್ತಿಸಲಿಲ್ಲ.