ಬ್ಯಾಗ್ ಇಟ್ಟ ಸೀಟು

ಅವರ ಪೆನ್ಸಿಲ್ ಬಲಗಿವಿಯ ಮೇಲಿರುತ್ತಿತ್ತೋ ಎಡಗಿವಿಯ ಮೇಲೋ, ಈಗ ಹೇಳಲಾರೆ. ಟಿಕೆಟ್ ಮೆಷಿನ್ ಬಂದು ವರ್ಷಗಳಾಗಿದ್ದರೂ ಗಿಡ್ಡ ಪೆನ್ಸಿಲೊಂದು ಅಲ್ಲಿ ಸಿಕ್ಕಿಕೊಂಡಿರುತ್ತಿತ್ತು ಎಂಬುದಷ್ಟೇ ಖಾತ್ರಿ. ಅವರ ಬಗ್ಗೆ ನಾನು ಹೇಳಿಕೊಂಡು ಬಂದ ಕಥೆಯಲ್ಲಿ ನಡೆದದ್ದೆಷ್ಟು, ನಾನೇ ಹೊಂದಿಸಿಕೊಂಡದ್ದೆಷ್ಟು ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಅವರು ಹಾಸನದಿಂದ ಹಿರೀಸಾವೆಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರು. ನಾನು ದಾರಿಯಲ್ಲಿ ಸಿಗುವ ಚನ್ನರಾಯಪಟ್ಟಣದ (ಬಸ್ಸಿನವರಿಗೆ ಬರೀ 'ಪಟ್ನ') ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ಪಿಎಚ್.ಡಿ. ಪ್ರಬಂಧವನ್ನು ಬಸ್ಸಿನಲ್ಲೇ ತಿದ್ದುತ್ತಿದ್ದೆ. ಹೊರದೇಶದ ಬಂಡವಾಳ ಒಂದು ದೇಶಕ್ಕೆ ನುಗ್ಗಿ ಬಂದಾಗ, ಮತ್ತೊಂದು ದಿನ ಇದ್ದಕ್ಕಿದ್ದಂತೆ ಎದ್ದು ಹೊರಟಾಗ, ಆ ದೇಶ ಏನು ಮಾಡಬೇಕು ಎಂಬುದು ನನ್ನ ವಿಷಯ.

ಹಾಸನದ ನಿಲ್ದಾಣದಲ್ಲಿ ಅವರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

"ಪಟ್ನ, ಇರೀಸಾವೆಯೋರು ಮೊದ್ಲು ಅತ್ಕಳಿ. ಸಾಂತಿಗ್ರಾಮದೋರು ವಸಿ ತಡೀರಿ."

"ಯಾಕ್ರೀ, ನಮ್ದೇನು ಬಿಟ್ಟಿ ಟಿಕೇಟಾ?"

"ಬೆವ್ರು ಆರೋದ್ರೊಳ್ಗೆ ಇಳ್ದೋಯ್ತೀರಿ. ಆಮ್ಯಾಕೆ ಇರೀಸಾವೆ ಗಂಟ ನಾನು ಖಾಲಿ ಸೀಟಿಗೆ ಟಿಕೇಟು ಅರೀಲಾ?"

ಒಂದು ದಿನ ನನ್ನ ಹಾಳೆಗಳತ್ತ ಬಗ್ಗಿ, "ಏನ್ ಸಾ, ದಿನಾ ಬರ್ದಿದ್ನೇ ಒಡೆದಾಕ್ತಾ ಕೂತಿರ್ತೀರಲ್ಲ?" ಎಂದರು. ವಿಷಯ ವಿವರಿಸಿದೆ. ಕಷ್ಟ ಬಂದಾಗ ಹಣ ಹೊರಗೆ ಹೋಗದಂತೆ ದೇಶ ಬಾಗಿಲು ಹಾಕಿಬಿಡಬೇಕು ಎಂದೆ.

"ಇಳಿಯಾಕೆ ಬುಡಲ್ಲ ಅಂದ್ರೆ ನಾಳೆ ಯಾವನ್ ಸಾ ಅತ್ತಾನೆ?" ಎಂದು ಮುಂದಿನ ಸೀಟಿಗೆ ಹೋದರು.

ಪದಗಳು ಇವೇ ಇದ್ದವೆಂದು ಪ್ರಮಾಣ ಮಾಡಲಾರೆ. ಅಂದು ಒಂದಿಡೀ ಪುಟ ಹೊಡೆದುಹಾಕಿದ್ದು ನೆನಪಿದೆ.

ಆದರೂ ಅವರ ಒಂದು ಅಭ್ಯಾಸ ನನಗೆ ಸಿಟ್ಟು ತರಿಸುತ್ತಿತ್ತು. ಬಾಗಿಲ ಪಕ್ಕದ ಇಬ್ಬರ ಸೀಟಿನ ಮೇಲೆ ಹಾಸನದಲ್ಲೇ ತಮ್ಮ ಚರ್ಮದ ಬ್ಯಾಗ್ ಇಟ್ಟುಬಿಡುತ್ತಿದ್ದರು. ಜನ ಜೋತುಬಿದ್ದು ನಿಂತಿದ್ದರೂ ಆ ಸೀಟು ಶಾಂತಿಗ್ರಾಮದವರೆಗೆ ಖಾಲಿ. ಅಲ್ಲಿ ಬ್ಯಾಗ್ ಎತ್ತುತ್ತಿದ್ದರು, ಯಾರೋ ಕೂರುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತ ನನಗೆ ನಿಂತವರ ನಡುವೆ ಅದು ಯಾರೆಂದು ಕಾಣುತ್ತಿರಲಿಲ್ಲ. "ಸೀಟಿಗೆ ಎಷ್ಟು ಇಸ್ಕತಾನೋ" ಎಂದು ಜನ ಆಡಿಕೊಳ್ಳುತ್ತಿದ್ದರು, ನಾನೂ ನಂಬಿದ್ದೆ. ದೇಶಗಳು ಡಾಲರನ್ನು ಮೀಸಲು ನಿಧಿಯಾಗಿ ಕೂಡಿಟ್ಟು ಸುಮ್ಮನೆ ಕೂರುವುದೂ ಇಂಥದೇ ದಂಡ ಎಂಬುದು ನನ್ನ ಅಧ್ಯಾಯದ ವಾದ. ಗೈಡ್ ಅದನ್ನು ಎರಡು ಸಲ ವಾಪಸ್ ಕೊಟ್ಟಿದ್ದರು.

ಕಂಡಕ್ಟರು ಸೀಟು ಮಾರುತ್ತಾರೆಂದು ಡಿಪೋಗೆ ಬರೆದ ದೂರೊಂದು ಬಸ್ಸಿನಲ್ಲಿ ಕೈಯಿಂದ ಕೈಗೆ ಬಂತು. ಸಾಬೀತಾದರೆ ಅವರ ಕೆಲಸ ಹೋಗುತ್ತಿತ್ತು. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ನಾನು ಓದಿ, ಸಹಿ ಹಾಕದೆ ಮುಂದಕ್ಕೆ ದಾಟಿಸಿದೆ. ಹಾಗೆಂದು ನನ್ನ ನೆನಪು.

ಅವರಿಗೆ ವಿಚಾರಣೆಯ ನೋಟಿಸು ಬಂದ ಮೂರ್ನಾಲ್ಕು ದಿನಕ್ಕೆ ನನಗೆ ಜ್ವರ. ಪರೀಕ್ಷೆಯ ಕೆಲಸವಿತ್ತು, ತಪ್ಪಿಸುವಂತಿರಲಿಲ್ಲ. ಅಂದು ಸೀಟೂ ಸಿಗದೆ ಕಂಬಿ ಹಿಡಿದು ತೂಗಾಡುತ್ತಿದ್ದವನನ್ನು ನೋಡಿ ಅವರು ಬ್ಯಾಗ್ ಎತ್ತಿದರು.

"ಕೂತ್ಕಳಿ ಸಾ. ಬಿದ್ಗಿದ್ದೀರಿ."

ಶಾಂತಿಗ್ರಾಮದಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕಂಡಕ್ಟರ ಕೈ ಹಿಡಿದು ಹತ್ತಿ ನನ್ನ ಪಕ್ಕ ಕೂತರು. ತೋಳಿನಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಪ್ಲಾಸ್ಟರು.

"ನಿಮ್ಗೂ ಡಯಾಲಿಸಿಸ್ಸಾ, ಸಾ?"

"ಇಲ್ಲಮ್ಮ, ಜ್ವರ."

"ಅಯ್ಯೋ, ಅಂಗಾರೆ ವಾಸಿ ಆಯ್ತದೆ ಬುಡಿ," ಎಂದು ನನ್ನನ್ನೇ ಸಮಾಧಾನ ಮಾಡಿದರು. ವಾರಕ್ಕೆರಡು ಸಲ ಪಟ್ಟಣದ ಆಸ್ಪತ್ರೆಗೆ ಹೋಗುತ್ತಿದ್ದರಂತೆ. ತಾವು ಬಾರದ ದಿನ ಬಸುರಿಯೋ ಬಾಣಂತಿಯೋ ಕೂರುತ್ತಿದ್ದರಂತೆ. "ಕಂಡಕ್ಟ್ರು ಒಂದ್ ಕಾಸು ಇಸ್ಕಂಡೋರಲ್ಲ."

ಇಳಿಯುವಾಗ ಕಂಡಕ್ಟರನ್ನು ಕೇಳಿದೆ: "ಅಂಥವರು ಯಾರೂ ಬರದ ದಿನ ಸೀಟು ದಂಡ ಅಲ್ವಾ?"

"ಬರ್ದಿದ್ರೆ ಒಳ್ಳೇದೇ ಅಲ್ವ್ರಾ? ಎಲ್ರೂ ಉಸಾರಾಗವ್ರೆ ಅಂತಾಯ್ತು. ಬಂದ್ರೆ ಏನ್ ಮಾಡ್ಲಿ? ಬಸ್ ತುಂಬೋದ್ಮೇಲೆ ಸೀಟು ಉಟ್ಟಿಸಾಕಾಯ್ತದಾ ಸಾ?"

ಮಾರನೆಯ ದಿನ ಆ ಹೆಂಗಸು, ನಾನು ಇಬ್ಬರೂ ಡಿಪೋಗೆ ಹೋಗಿ ಹೇಳಿಕೆ ಕೊಟ್ಟೆವು. ದೂರು ಬಿದ್ದುಹೋಯಿತು. ಅಧ್ಯಾಯವನ್ನು ಹೊಸದಾಗಿ ಬರೆದೆ: ಬಂದ ಹಣ ಒಮ್ಮೆಗೇ ಹೊರಡುವ ದಿನಕ್ಕೆ ಮೀಸಲು ಬೇಕು, ಅದನ್ನು ಮುಂಚೆಯೇ ಇಟ್ಟಿರಬೇಕು. ಗೈಡ್ ಈ ಸಲ ವಾಪಸ್ ಕೊಡಲಿಲ್ಲ. ಪದವಿ ಬಂತು, ಹೊಳೆನರಸೀಪುರದಲ್ಲಿ ಕಾಯಂ ಕೆಲಸ ಸಿಕ್ಕಿತು. ವಿದೇಶಿ ವಿನಿಮಯದ ಪಾಠ ಮಾಡುವಾಗ ಇಂದಿಗೂ ಮುಂದಿನ ಬೆಂಚಿನ ಮೇಲೆ ನನ್ನ ಬ್ಯಾಗ್ ಇಟ್ಟು ಶುರುಮಾಡುತ್ತೇನೆ.

ನಿವೃತ್ತರಾಗಿ ಅರಕಲಗೂಡಿನಲ್ಲಿದ್ದ ಅವರು ಕಳೆದ ವರ್ಷ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದವನು ಅವರ ಮಗಳ ಮುಂದೆ ಈ ಕಥೆಯನ್ನೇ ಹೇಳಿದೆ. ಎಲ್ಲರೂ ಸಹಿ ಹಾಕಿದರೂ ನಾನು ಹಾಕಲಿಲ್ಲ ಎಂಬುದನ್ನೂ ಸೇರಿಸಿದೆ. ಆಕೆ ಒಳಗಿನಿಂದ ಒಂದು ಫೈಲು ತಂದುಕೊಟ್ಟರು. ನೋಟಿಸಿನ ಜೊತೆ ಅಪ್ಪನಿಗೆ ಕೊಟ್ಟಿದ್ದ ದೂರಿನ ಪ್ರತಿ ಅದರಲ್ಲಿತ್ತು. ಪ್ರತಿ ಸಹಿಯ ಮುಂದೆ ಅದು ಯಾರದು, ಅವರು ಇಳಿಯುವುದೆಲ್ಲಿ ಎಂದು ಕಂಡಕ್ಟರು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದರು. ನಾಲ್ಕನೆಯ ಸಹಿಯ ಮುಂದೆ ಬರೆದಿತ್ತು: "ಮೇಷ್ಟ್ರು. ಪಟ್ನ."

ಫೋಟೊ ತೆಗೆದುಕೊಂಡು ಬಂದು, ನನ್ನ ಹಳೆಯ ಕಾಗದಗಳ ಸಹಿಯೊಂದಿಗೆ ಹೋಲಿಸಿ ನೋಡಿದೆ. ನನ್ನದೇ.