ಭಾವನ ಸೇತುವೆಗೊಂದು ‘ಆದರೆ’

ಕಾಲೇಜಿನಲ್ಲಿ ಚರಿತ್ರೆ ಹೇಳುವ ಆ ಮೇಷ್ಟ್ರಿಗೆ ‘ಆದರೆ ಮೇಷ್ಟ್ರು’ ಅಂತಲೇ ಹೆಸರು. ಸಂಶೋಧನಾ ಪತ್ರಿಕೆಯೊಂದಕ್ಕೆ ಅವರು ಬಹಳ ಕಾಲದಿಂದ ಪುಸ್ತಕ ವಿಮರ್ಶೆ ಬರೆಯುತ್ತಿದ್ದರು. ಮೊದಲ ಪ್ಯಾರಾದಲ್ಲಿ ಲೇಖಕರ ಬೆನ್ನು ತಟ್ಟುವುದು, ಎರಡನೆಯದರಲ್ಲಿ ಕುರ್ಚಿ ಹಾಕಿ ಕೂರಿಸುವುದು, ಮೂರನೆಯದರಲ್ಲಿ ‘ಆದರೆ’ ಎಂದು ಆ ಕುರ್ಚಿ ಎಳೆಯುವುದು ಅವರ ಪದ್ಧತಿ. ಪತ್ರಿಕೆಯಲ್ಲಿ ವಿಮರ್ಶೆಗೆ ಸಿಗುತ್ತಿದ್ದದ್ದು ಲೇಖನಗಳೆಲ್ಲ ಕೈಕಾಲು ಚಾಚಿ ಮಲಗಿದ ಮೇಲೆ ಉಳಿದ ಮೂಲೆ. ಬಡ್ತಿಗೆ ಅದು ಲೆಕ್ಕಕ್ಕಿಲ್ಲ. ಆದರೂ ನಮ್ಮಂಥವರು ಪತ್ರಿಕೆ ಬಂದ ಕೂಡಲೇ ತಿರುವುವುದು ಅದನ್ನೇ, ಈ ಸಲ ಯಾರಿಗೆ ಬಿತ್ತು ಅಂತ ನೋಡುವುದಕ್ಕೆ.

ಈ ಸಲ ವಿಮರ್ಶೆಗೆ ಬಂದದ್ದು ಮೇಷ್ಟ್ರ ಅಕ್ಕನ ಗಂಡನ ಪುಸ್ತಕ. ನಿವೃತ್ತರಾದ ಮೇಲೆ ಭಾವ ಹಳೆಯ ಸೇತುವೆಗಳ ಬೆನ್ನು ಹತ್ತಿ ಬರೆದದ್ದು.

“ನಮ್ಮ ಭಾವನದು, ಬೇರೆಯವರಿಗೆ ಕೊಡಿ,” ಎಂದರು ಮೇಷ್ಟ್ರು.

“ಸೇತುವೆ ಬಗ್ಗೆ ಪೂರ್ತಿ ಓದೋ ಪುಣ್ಯಾತ್ಮರು ಇನ್ಯಾರಿದಾರೆ? ಭಾವ ಅಂತ ಕೆಳಗೊಂದು ಸಾಲು ಹಾಕೋಣ,” ಎಂದರು ಸಂಪಾದಕರು.

ಅಕ್ಕನ ಫೋನು ಬಂತು. “ನೋಡೋ, ಊಟಕ್ಕೆ ಕೂತ್ರೂ ವಿಮರ್ಶೆ ಬಂತಾ ಅಂತಾರೆ. ನಿನ್ನ ‘ಆದರೆ’ನ ಜೇಬಲ್ಲಿಟ್ಕೋ. ಇಲ್ಲಾಂದ್ರೆ ನಮ್ಮನೆ ಹೊಸ್ತಿಲು ತುಳೀಬೇಡ.”

ಮೇಷ್ಟ್ರು ಮೂರೂ ಪ್ಯಾರಾ ಬರೆದರು. ಊರ ಹೊಳೆಯ ಸೇತುವೆಯ ಕಲ್ಲಿನಲ್ಲಿ ಕೆತ್ತಿದ್ದ ದುರಸ್ತಿಯ ಇಸವಿಯನ್ನೇ ಭಾವ ಸೇತುವೆ ಹುಟ್ಟಿದ ಇಸವಿ ಮಾಡಿದ್ದರು, ಆ ತಪ್ಪು ಮೂರನೆಯದರಲ್ಲಿತ್ತು.

“ಜಾಗ ಸಾಲ್ತಿಲ್ಲ ಮೇಷ್ಟ್ರೇ,” ಎಂದರು ಸಂಪಾದಕರು. “ಕೊನೇ ಪ್ಯಾರಾ ಹಾರಿಸಿಬಿಡ್ಲಾ? ನಿಮ್ಮ ಮನೇಲೂ ನೆಮ್ಮದಿ.”

ಮೇಷ್ಟ್ರ ಬಾಯಿಗೆ ‘ಹೂಂ’ ಬಂದೇಬಿಟ್ಟಿತ್ತು. ಅಷ್ಟರಲ್ಲಿ, ನಾಳೆ ಹುಡುಗರು ಅದೇ ಇಸವಿಯನ್ನು ಕಣ್ಣುಮುಚ್ಚಿ ನಕಲು ಮಾಡುವುದು ನೆನಪಾಯಿತು.

“ಮೊದಲನೇದು ತೆಗೀರಿ. ಬೆನ್ನು ಬೇಕಾದ್ರೆ ನಾನೇ ಹೋಗಿ ತಟ್ತೀನಿ.”

ಸಂಚಿಕೆ ಹೊರಬಂತು. ಅಕ್ಕನ ಫೋನು ನಿಂತಿತು. ಒಂದು ಭಾನುವಾರ ಭಾವನೇ ಬಾಗಿಲಲ್ಲಿ ನಿಂತಿದ್ದರು, ಕಂಕುಳಲ್ಲಿ ಪತ್ರಿಕೆ.

“ಏನಯ್ಯಾ, ನೀನು ಆ ಇಸವಿ ಕೆತ್ತಿದ ಕಲ್ಲು ನೋಡಿದೀಯಾ?”

“ನೋಡಿದೀನಿ ಭಾವ. ಕಮಾನಿನ ಬುಡದಲ್ಲಿ ಇನ್ನೊಂದು ಕಲ್ಲಿದೆ, ಹಳೇದು, ಕಟ್ಟಿದ ಇಸವಿ ಅದರಲ್ಲಿದೆ. ಮೊಣಕಾಲುದ್ದ ನೀರಿಗೆ ಇಳಿದ್ರೆ ಕಾಣ್ಸುತ್ತೆ.”

ಭಾವನ ಮುಖ ಇಳಿಯಿತು. “ಪುಸ್ತಕ ಇಸ್ಕೊಂಡೋರೆಲ್ಲ ಮುಖಪುಟ ಚೆನ್ನಾಗಿದೆ ಅಂದ್ರು ಕಣಯ್ಯಾ,” ಎಂದರು. “ನೀನೊಬ್ಬ ನೀರಿಗಿಳಿದಿದೀಯ.”

“ಅಕ್ಕ ಏನಂತಾಳೆ?”

“ನಿನ್ನ ಮುಖ ನೋಡಲ್ಲ ಅಂತಾಳೆ. ನನಗೂ ಸಿಟ್ಟು ಇಳಿದಿಲ್ಲ. ಏಳು, ಆ ಕಲ್ಲು ತೋರಿಸು.”

ಮೇಷ್ಟ್ರು ಹಳೆಯ ಪ್ಯಾಂಟು ಹುಡುಕಲು ಒಳಗೆ ಓಡಿದರು.