ಕತ್ತಿನ ಪಟ್ಟು

ನಮ್ಮ ಮನೆಯಲ್ಲಿ ಚೊಂಬು ಕಚ್ಚಿ ನೀರು ಕುಡಿಯುವ ಪದ್ಧತಿ ಇರಲಿಲ್ಲ. ತಲೆ ಹಿಂದಕ್ಕೆ ಹಾಕಿ, ಎತ್ತಿ ಬಾಯಿಗೆ ಸುರಿದುಕೊಳ್ಳಬೇಕು. ಹಾಗಿರುವಾಗ ಒಂದು ಬೆಳಿಗ್ಗೆ ನನ್ನ ಮೈದುನ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು, ಚೊಂಬನ್ನು ತುಟಿಗಿಟ್ಟು ಕುಡಿಯುತ್ತಿದ್ದುದನ್ನು ಕಂಡೆ. ಬೈದೆ. "ತಪ್ಪಾಯ್ತು ಅತ್ತಿಗೆ" ಅಂದವನು ಚೊಂಬು ತೊಳೆದಿಟ್ಟು ಹೊರಗೆ ಹೋದ. ಮಾರನೆಯ ದಿನವೂ ಹಾಗೇ ಕುಡಿದ. ಆಗ ನನಗೆ ಅನುಮಾನ ಶುರುವಾಯಿತು.

ಐವತ್ತರ ದಶಕದ ಮಾತು. ನಾವು ರಾಜಾಜಿನಗರಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಯಜಮಾನರು ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಬೀದಿಗಳಿಗೆ ಗೆರೆ ಎಳೆದಿದ್ದರು ಅಷ್ಟೆ. ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ. ಅತ್ತೆ ತೀರಿಕೊಂಡ ಮೇಲೆ ಬೆಂಗಳೂರಿನ ಪಕ್ಕದ ಉಲ್ಲಾಳದಿಂದ ಮೈದುನನನ್ನು ನಮ್ಮ ಜೊತೆಗೇ ಕರೆದುಕೊಂಡು ಬಂದೆವು. ಹದಿನಾಲ್ಕು ತುಂಬಿದ ಹುಡುಗ, ಭುಜ ಆಗಲೇ ದೊಡ್ಡವರ ಹಾಗೆ ಹರಡಿಕೊಂಡಿತ್ತು. ಸಾಣೆಗುರುವನಹಳ್ಳಿ ಕಡೆಯ ಗರಡಿಗೆ ದಿನಾ ಬೆಳಿಗ್ಗೆ ಸಾಮು ಮಾಡಲು ಹೋಗುತ್ತಿದ್ದ. ನಮ್ಮ ಯಜಮಾನರೂ ಮದುವೆಗೆ ಮುಂಚೆ ಆ ಗರಡಿಯ ಉಸ್ತಾದರ ಹತ್ತಿರವೇ ಕುಸ್ತಿ ಕಲಿತವರು.

ಅನುಮಾನ ಬಂದ ಮೇಲೆ ಕಣ್ಣು ಸುಮ್ಮನಿರುತ್ತದೆಯೇ? ಕೂಗಿದರೆ ಹುಡುಗ ತಲೆ ತಿರುಗಿಸುವುದಿಲ್ಲ, ಇಡೀ ಮೈಯನ್ನೇ ತಿರುಗಿಸುತ್ತಾನೆ. ಅಟ್ಟದ ಮೇಲಿನ ಡಬ್ಬ ಇಳಿಸು ಅಂದರೆ, "ಆಮೇಲೆ ಇಳಿಸ್ತೀನಿ" ಅನ್ನುತ್ತಾನೆ. ಮಲಗುವಾಗ ದಿಂಬು ತೆಗೆದು ಪಕ್ಕಕ್ಕಿಡುತ್ತಾನೆ.

"ಕತ್ತಿಗೇನಾಗಿದೆಯೋ?" ಎಂದು ಕೇಳಿದೆ.

"ಏನಿಲ್ಲ ಅತ್ತಿಗೆ. ಗಾಳಿಗೆ ಮಲಗಿದ್ನಲ್ಲ, ಹಿಡ್ಕೊಂಡಿದೆ."

ನಮ್ಮದು ಒಂದೇ ಕಿಟಕಿಯ ಮನೆ. ಆ ಕಿಟಕಿಯ ಕೆಳಗೆ ಮಲಗುತ್ತಿದ್ದವಳು ನಾನು. ಅವನಿಗೆ ಯಾವ ಗಾಳಿ?

ಯಜಮಾನರನ್ನು ಕೇಳಿದೆ. ಅವರು ಬೂಟಿನ ದಾರ ಕಟ್ಟುತ್ತಾ, "ಸಾಮು ಮಾಡೋ ಹುಡುಗ ಕಣೇ, ಅಲ್ಲಿ ಇಲ್ಲಿ ನೋಯತ್ತೆ. ಅದಕ್ಕೆಲ್ಲ ರಾಗ ಎಳೀಬೇಡ" ಅಂದರು. ಕಟ್ಟಿದ ದಾರವನ್ನೇ ಬಿಚ್ಚಿ ಇನ್ನೊಂದು ಸಲ ಕಟ್ಟಿದರು. ಅದು ಯಾಕೋ ನನಗೆ ಹಿಡಿಸಲಿಲ್ಲ.

ಆ ವರ್ಷ ಊರ ಹಬ್ಬಕ್ಕೆ ಹುಡುಗರ ಕುಸ್ತಿ ಇಟ್ಟಿದ್ದರು. ಮೈಸೂರು ರಸ್ತೆ ಕಡೆಯ ಇನ್ನೊಂದು ಗರಡಿಯವರೂ ಬರುವವರಿದ್ದರು. ಅವರ ಹುಡುಗರು ಕತ್ತಿನ ಪಟ್ಟು ಹಾಕುತ್ತಾರೆ ಎಂಬ ಮಾತು ನಲ್ಲಿಯ ಹತ್ತಿರ ಹೆಂಗಸರ ಕಿವಿಗೂ ಬಿದ್ದಿತ್ತು. ಹಿಂದಿನಿಂದ ಎರಡೂ ಕಂಕುಳಲ್ಲಿ ಕೈ ತೂರಿಸಿ, ಎದುರಿನವನ ಕತ್ತಿನ ಹಿಂದೆ ಬೆರಳು ಹೆಣೆದು, ತಲೆಯನ್ನು ಎದೆಯ ಕಡೆಗೆ ಒತ್ತುವುದು. ಸಿಕ್ಕಿಕೊಂಡವನು "ಸಾಕು" ಅಂದರೆ ಬಿಡಬೇಕು, ಅವನು ಸೋತ ಹಾಗೆ. ದೊಡ್ಡವರ ಕುಸ್ತಿಯಲ್ಲಿ ಇದು ಇತ್ತು. ಹುಡುಗರಿಗೂ ಇರಬೇಕೋ ಬೇಡವೋ ಎಂದು ಎರಡು ಗರಡಿಗಳಿಗೂ ಜಗ್ಗಾಟ ನಡೆದಿತ್ತು.

ಉಸ್ತಾದರೇ ಗೆಲ್ಲುವ ಆಸೆಗೆ ಹುಡುಗನ ಕತ್ತು ಮುರಿಯುತ್ತಿದ್ದಾರೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಯಜಮಾನರು ಕೆಲಸಕ್ಕೆ ಹೋದ ಮೇಲೆ ಸೆರಗು ಹೊದ್ದುಕೊಂಡು ಗರಡಿಗೆ ಹೋದೆ. ಹೆಂಗಸರು ಒಳಗೆ ಹೋಗುವ ಹಾಗಿರಲಿಲ್ಲ. ಹೊರಗೆ ಹೊಂಗೆಮರದ ಕೆಳಗೆ ನಿಂತೆ. ಉಸ್ತಾದರು ಪಂಚೆ ಸುತ್ತಿಕೊಳ್ಳುತ್ತಾ ಹೊರಗೆ ಬಂದರು. ವಯಸ್ಸಾದ ಮನುಷ್ಯ, ಎರಡು ಕಿವಿಯೂ ಮುದುಡಿ ಗಂಟಾಗಿದ್ದವು.

"ನಮ್ಮ ಹುಡುಗನ ಕತ್ತಿಗೆ ಏನು ಮಾಡಿದ್ದೀರಿ?" ಎಂದೆ. ನಮಸ್ಕಾರ ಕೂಡ ಹೇಳಲಿಲ್ಲ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮನ್ನ ಯಾರು ಕಳಿಸಿದ್ದು ತಾಯಿ? ಆ ಗರಡಿಯವರಾ?"

"ನನ್ನನ್ನ ಯಾರೂ ಕಳಿಸಿಲ್ಲ. ಹುಡುಗ ನೀರು ಕುಡಿಯೋಕೆ ತಲೆ ಎತ್ತಕ್ಕಾಗ್ತಿಲ್ಲ."

ಅವರ ಮುಖ ಸ್ವಲ್ಪ ಬದಲಾಯಿತು. "ನನ್ನ ಗರಡಿ ಮಟ್ಟೀಲಿ ಹುಡುಗರಿಗೆ ಆ ಪಟ್ಟು ಇಲ್ಲ. ಹೇಳ್ಕೊಟ್ಟೂ ಇಲ್ಲ, ಹಾಕೋಕೂ ಬಿಡಲ್ಲ. ನೋವು ಅಂತ ಅವನು ವಾರದಿಂದ ಗರಡಿಗೇ ಬಂದಿಲ್ವಲ್ಲ."

"ದಿನಾ ಬರ್ತಿದಾನೆ."

"ಇಲ್ಲಿಗಲ್ಲ. ನಿಮ್ಮ ಮನೇಲೇ ಕೇಳಿ."

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವರ ಮಾತನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಸುಳ್ಳು ಹೇಳುತ್ತಿರಬಹುದು. ಆದರೆ ಮನೆಗೆ ಬಂದು ಒಗೆಯಲು ಹಾಕಿದ್ದ ಹುಡುಗನ ಚಡ್ಡಿ ಎತ್ತಿಕೊಂಡಾಗ ಕೈ ನಿಂತಿತು. ಗರಡಿಯ ಕೆಮ್ಮಣ್ಣಿಗೆ ಎಣ್ಣೆ ಬೆರೆಸಿರುತ್ತಾರೆ. ಎಷ್ಟು ಉಜ್ಜಿದರೂ ಕೆಂಪು ಬಿಡುವುದಿಲ್ಲ. ಈ ಚಡ್ಡಿಯಲ್ಲಿ ಆ ಮಣ್ಣೇ ಇರಲಿಲ್ಲ. ಪಾಳು ಜಾಗದಲ್ಲಿ ಬೆಳೆಯುವ ಉತ್ತರಾಣಿಯ ಮುಳ್ಳುಬೀಜ ಅಂಟಿಕೊಂಡಿತ್ತು. ಯಜಮಾನರ ಪಂಚೆಯ ಅಂಚನ್ನು ನೋಡಿದೆ. ಅಲ್ಲೂ ಅದೇ ಬೀಜ.

ಮಾರನೆಯ ಬೆಳಿಗ್ಗೆ ಅವರಿಬ್ಬರೂ ಹೊರಟ ಮೇಲೆ ಹಿಂದೆಯೇ ಹೋದೆ. ಯಾರೂ ಮನೆ ಕಟ್ಟದ ಸೈಟುಗಳ ಆಚೆ, ಹಳೆಯ ತೋಟದ ಬೇಲಿಯ ಮರೆಯಲ್ಲಿ ಅಣ್ಣ ತಮ್ಮನನ್ನು ಹಿಂದಿನಿಂದ ಹಿಡಿದಿದ್ದರು. ಹುಡುಗನ ಗದ್ದ ಎದೆಗೆ ಒತ್ತಿಕೊಂಡಿತ್ತು. ಮುಖ ಬೀಟ್‌ರೂಟಿನ ಬಣ್ಣ.

"ಬಿಡಿಸ್ಕೋ. ಆಗದಿದ್ರೆ ಸಾಕು ಅನ್ನು, ಬಿಡ್ತೀನಿ" ಎನ್ನುತ್ತಿದ್ದರು ಯಜಮಾನರು.

ಹುಡುಗ ಅನ್ನಲಿಲ್ಲ. ಕಾಲಲ್ಲಿ ಹುಲ್ಲು ಕೆರೆದ, ಮೊಣಕಾಲು ಬಗ್ಗಿತು, ಆದರೂ ಅನ್ನಲಿಲ್ಲ. ನಾನು ಕಿರುಚಿದೆ.

ಅವತ್ತು ಅವರು ಕಾರ್ಖಾನೆಗೆ ತಡವಾಗಿ ಹೋದರು. "ಅವರು ಹಾಕ್ತಾರೆ ಕಣೇ! ಉಸ್ತಾದರು ಹೇಳ್ಕೊಡಲ್ಲ. ಗೊತ್ತಿಲ್ದೆ ಹೋಗಿ ಸಿಕ್ಕಾಕ್ಕೊಂಡ್ರೆ? ಬಿಡಿಸ್ಕೊಳ್ಳೋದು ಕಲೀಲಿ ಅಂತ ತಾನೇ ಮಾಡ್ತಿರೋದು" ಅಂದರು.

"ಅವನು ಸಾಕು ಅನ್ನಲ್ಲ ರೀ. ನಿಮಗೆ ಕಾಣ್ತಿಲ್ವಾ?"

"ಅಂದ್ರೆ ತಡ್ಕೋತಾನೆ ಅಂತ."

ಊಟದ ತಟ್ಟೆಯ ಮುಂದೆ ಆ ಹುಡುಗ ಎರಡನೆಯ ಸಲ ಬಡಿಸುವ ಮೊದಲೇ ಕೈ ಅಡ್ಡ ಹಿಡಿದು "ಸಾಕು, ಸಾಕು" ಅನ್ನುತ್ತಿದ್ದ. ಅಣ್ಣನ ಮನೆಯ ಊಟ ಎಂಬ ಸಂಕೋಚ. ಅದೇ ಸಂಕೋಚ ಆ ಬೇಲಿಯ ಮರೆಯಲ್ಲಿ ಬಾಯಿ ಮುಚ್ಚಿಸುತ್ತಿತ್ತು. ಸಾಕುತ್ತಿರುವ ಅಣ್ಣನಿಗೆ ಬೇಡ ಅನ್ನುವುದು ಅವನಿಂದ ಆಗುತ್ತಿರಲಿಲ್ಲ. ಇನ್ನೊಂದು ಅನುಮಾನವೂ ಒಳಗಿತ್ತು: ಪ್ರಾಯದಲ್ಲಿ ಅದೇ ಪಟ್ಟಿಗೆ ಸಿಕ್ಕಿ ಇವರೇ ಸೋತಿದ್ದರಂತೆ. ಆ ಲೆಕ್ಕವನ್ನು ತಮ್ಮನ ಕತ್ತಿನ ಮೇಲೆ ತೀರಿಸಲು ಹೊರಟಿದ್ದಾರೆಯೇ?

ಭಾನುವಾರ ಉಸ್ತಾದರು ಅಣ್ಣ ತಮ್ಮ ಇಬ್ಬರಿಗೂ ಹೇಳಿ ಕಳಿಸಿದರು. "ನಿಮ್ಮ ಮನೆಯವರೂ ಬರಲಿ, ಬಾಗಿಲ ಹತ್ತಿರ ನಿಂತ್ಕೊಳ್ಳಲಿ" ಎಂದಿದ್ದರಂತೆ. ಹೋದೆವು. ಬಾಗಿಲಿನಿಂದ ಕುಸ್ತಿಯಾಡುವ ಕೆಮ್ಮಣ್ಣಿನ ಮಟ್ಟಿ ಕಾಣುತ್ತಿತ್ತು. ಹುಡುಗನನ್ನು ಗೋಡೆಯ ಪಕ್ಕ ಕೂರಿಸಿ, ಉಸ್ತಾದರು ಯಜಮಾನರಿಗೆ ಅಂಗಿ ಬಿಚ್ಚಲು ಹೇಳಿದರು.

"ನಾನು ಹಾಕ್ತೀನಿ. ಬೇಕಾದಾಗ ಸಾಕು ಅನ್ನು, ಬಿಟ್ಬಿಡ್ತೀನಿ."

ಆ ವಯಸ್ಸಿನಲ್ಲೂ ಅವರ ಕೈ ಕಬ್ಬಿಣದ ಹಾಗಿತ್ತು. ಯಜಮಾನರ ತಲೆ ನಿಧಾನವಾಗಿ ಬಾಗಿತು. ಕತ್ತಿನ ನರ ಉಬ್ಬಿತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಯಜಮಾನರ ಕಣ್ಣು ತಮ್ಮನ ಕಡೆಗೇ ಇತ್ತು. ತುಟಿ ಕಚ್ಚಿದರು, ರಕ್ತ ಬಂತು. "ಸಾಕು" ಮಾತ್ರ ಬರಲಿಲ್ಲ. ಕೊನೆಗೆ ಉಸ್ತಾದರೇ ಕೈ ಬಿಟ್ಟರು. ಯಜಮಾನರು ಮಣ್ಣಿನಲ್ಲಿ ಕುಕ್ಕರಿಸಿ ಕೂತು ಕೆಮ್ಮತೊಡಗಿದರು.

"ಹುಡುಗ ನೋಡ್ತಾ ಇದ್ದ ಅಂತ ನಿನ್ನ ಬಾಯಿಂದಾನೇ ಬರ್ಲಿಲ್ಲ. ಊರೋರೆಲ್ಲ ನೋಡ್ತಿದ್ರೆ ಅವನ ಬಾಯಿಂದ ಬರತ್ತೇನೋ?" ಎಂದರು ಉಸ್ತಾದರು.

ಯಜಮಾನರು ಎದ್ದು ಅಂಗಿ ಹಾಕಿಕೊಂಡರು. ಆಮೇಲೆ ತಮ್ಮನನ್ನು ಮೂಳೆ ಕಟ್ಟುವವರ ಹತ್ತಿರ ತಾವೇ ಕರೆದುಕೊಂಡು ಹೋದರು. ನರ ಹಿಡಿದಿದೆ, ಮೂಳೆಗೇನೂ ಆಗಿಲ್ಲ, ಎಣ್ಣೆ ಹಾಕಿ ತಿಂಗಳು ಬಿಡಿ ಎಂದರಂತೆ.

ಹುಡುಗರ ಕುಸ್ತಿಯಲ್ಲಿ ಕತ್ತಿನ ಪಟ್ಟು ಹಾಕಿದವನು ಸೋತ ಹಾಗೆ ಎಂದು ಉಸ್ತಾದರು ಹಟ ಹಿಡಿದು, ಹಬ್ಬದ ಕುಸ್ತಿ ನಡೆಸುವ ಪಂಚರನ್ನು ಒಪ್ಪಿಸಿದರು. ಆ ಗರಡಿಯವರು ಸಿಟ್ಟಾದರು. "ಇವರ ಹುಡುಗರ ಕತ್ತು ಎಳೇದು, ಅದಕ್ಕೇ ಈ ನಾಟಕ" ಎಂದು ಆಡಿಕೊಂಡು, ತಮ್ಮ ಹುಡುಗರಲ್ಲಿ ಕೆಲವರನ್ನು ಮಾತ್ರ ಕಳಿಸಿದರು. ನಿಜ ಹೇಳಬೇಕೆಂದರೆ ಆ ಮಾತು ನನ್ನ ತಲೆಯಲ್ಲೂ ಕೊರೆಯಿತು. ಉಸ್ತಾದರು ಅವತ್ತು ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದೇಕೆ? ಒಬ್ಬ ಹೆಂಗಸು ಗರಡಿಯ ತನಕ ಬಂದು ಅತ್ತಳು ಎಂದು ಪಂಚರ ಮುಂದೆ ಹೇಳಿದ್ದರಂತೆ. ನಾನು ಅತ್ತಿರಲಿಲ್ಲ. ಅವರಿಗೆ ಹುಡುಗರ ಚಿಂತೆಯೋ, ಗೆಲುವಿನ ಚಿಂತೆಯೋ, ಎರಡೂ ಇತ್ತೋ, ಇವತ್ತಿಗೂ ಗೊತ್ತಿಲ್ಲ.

ಹುಡುಗನಿಗೆ ನನ್ನ ಮೇಲೇ ಗುಮಾನಿ. "ನಾನು ಪೈಲ್ವಾನ ಆಗೋದು ನಿಮಗೆ ಬೇಕಿಲ್ಲ, ಅಲ್ವಾ ಅತ್ತಿಗೆ? ಮನೇಲಿ ನೀರು ಹೊರೋಕೆ ಒಬ್ಬ ಬೇಕು" ಎಂದ. ಅವನು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಕೋಪ ಬಂತು. ಒಳಗೊಳಗೇ, ಬಾಯಿ ಬಿಟ್ಟನಲ್ಲ ಎಂದು ಸಮಾಧಾನವೂ ಆಯಿತು.

ಕತ್ತು ಸರಿಹೋದ ಮೇಲೆ ಅವನು ಹಬ್ಬದ ಕುಸ್ತಿಗೆ ಇಳಿದ. ಆ ಗರಡಿಯ ಹುಡುಗನೊಬ್ಬ ಅವನಿಗೆ ಜೋಡಿ. ಬಹಳ ಹೊತ್ತು ಸೆಣಸಿದರು. ಒಂದು ಸಲ ನಮ್ಮ ಹುಡುಗನ ಎರಡೂ ಕೈ ಎದುರಿನವನ ಕಂಕುಳ ಕೆಳಗೆ ಹೋದವು. ಬೆರಳು ಹೆಣೆಯುವುದೊಂದೇ ಬಾಕಿ. ಅವನು ಹಾಗೇ ಒಂದು ಕ್ಷಣ ನಿಂತು, ಕೈ ಹಿಂದಕ್ಕೆ ಎಳೆದುಕೊಂಡ. ಅಷ್ಟರಲ್ಲಿ ಎದುರಿನವನು ಕಾಲಿಗೆ ಕಾಲು ಕೊಟ್ಟು ಕೆಡವಿದ. ನಮ್ಮ ಹುಡುಗ ಚಿತ್ತಾದ.

ಮೂವರೂ ಬಿಸಿಲಿನಲ್ಲಿ ಮನೆಯ ಕಡೆ ನಡೆದೆವು.

"ಆ ಪಟ್ಟು ಇದ್ದಿದ್ರೆ ನಾನೇ ಗೆಲ್ತಿದ್ದೆ" ಎಂದ ಹುಡುಗ.

"ಗೆಲ್ತಿದ್ದೆ ಕಣೋ" ಎಂದರು ಯಜಮಾನರು.

ಇಬ್ಬರೂ ನನ್ನ ಕಡೆ ನೋಡಿದರು. ನನಗೆ ಸೋತ ನಮ್ಮ ಹುಡುಗನ ಬೆನ್ನಿನ ಕೆಮ್ಮಣ್ಣು ಕಾಣುತ್ತಿತ್ತು, ಗೆದ್ದವನ ತಾಯಿ ಎಲ್ಲಿಯವಳೋ ಎಂಬ ಯೋಚನೆ ಬರುತ್ತಿತ್ತು. ಇವನು ಬೆರಳು ಹೆಣೆದಿದ್ದರೆ ಅವಳ ಮಗು "ಸಾಕು" ಅನ್ನುತ್ತಿತ್ತೋ ಇಲ್ಲವೋ. ಹಾಗೆಂದು ಹೇಳಿದರೆ ಇಬ್ಬರಿಗೂ ಸಿಟ್ಟು ಬರುತ್ತದೆ ಅನ್ನಿಸಿತು. "ಬಿಸಿಲು ಜೋರಾಯ್ತು, ಬೇಗ ನಡೀರಿ" ಎಂದೆ.